ಒಂಬತ್ತನೇ ಲಿವರ್

"ಎಳಿ ಅಂದ್ನಲ್ಲ, ಎಳಿ!"

ಶ್ರೀರಾಮಪ್ಪ ಸಾಹೇಬರು ಕೂಗಿದ್ದು ಕ್ಯಾಬಿನ್ನಿನ ಕೆಳಗೆ ಮೇಯುತ್ತಿದ್ದ ಎಮ್ಮೆಗೂ ಕೇಳಿಸಿತು. ಮುನಿಕೃಷ್ಣಪ್ಪ ಮಾತ್ರ ಅಲ್ಲಾಡಲಿಲ್ಲ. ಒಂಬತ್ತನೇ ಲಿವರಿನ ಮುಂದೆ ಕೈಕಟ್ಟಿಕೊಂಡು ನಿಂತಿದ್ದ.

"ಆಗಲ್ಲ ಸಾರ್."

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಬೆಂಗಳೂರು ದಂಡಿನಿಂದ ಕೆ.ಆರ್. ಪುರದ ಕಡೆಗೆ ಹೋಗುವ ಹಳಿಯ ಪಕ್ಕದಲ್ಲೊಂದು ಸಿಗ್ನಲ್ ಕ್ಯಾಬಿನ್ನು. ಮರದ ಮೆಟ್ಟಿಲು ಹತ್ತಿದರೆ ಹಳಿ ಬದಲಿಸಲು, ಸಿಗ್ನಲ್ ಇಳಿಸಲು ಸಾಲಾಗಿ ಹದಿನಾರು ಲಿವರು. ಅಂದು ಅಲ್ಲಿ ಪರೀಕ್ಷೆಯ ದಿನ.

ಪರೀಕ್ಷೆಯ ವಿಷಯ ಮುನಿಕೃಷ್ಣಪ್ಪನ ಹಲಸೂರಿನ ಮನೆಯಲ್ಲೂ ಗೊತ್ತಿತ್ತು. ಹೊರಡುವಾಗ ಹೆಂಡತಿ ಚಿಕ್ಕಮುನಿಯಮ್ಮ ಬುತ್ತಿ ಕೈಗೆ ಕೊಟ್ಟು ಹೇಳಿದ್ದಳು: "ಈ ಸಲನಾದ್ರೂ ಬಾಯಿ ಮುಚ್ಕೊಂಡಿರಿ. ಸಾಹೇಬ್ರು ಏನಂದ್ರೂ ಹೂಂ ಅಂದ್ಬಿಟ್ಟು ಬನ್ನಿ."

ಅವಳ ಭಯ ಸುಳ್ಳಲ್ಲ. ಹತ್ತೊಂಬತ್ತು ವರ್ಷದಿಂದ ಲಿವರ್ ಎಳೆಯುತ್ತಿದ್ದ ಮುನಿಕೃಷ್ಣಪ್ಪನಿಗೆ ಇದ್ದದ್ದು ಒಂದೇ ಆಸೆ. ಸಿಗ್ನಲ್ ಇನ್ಸ್‌ಪೆಕ್ಟರ್ ತರಬೇತಿಗೆ ಹೋಗಬೇಕು. ಎರಡು ಸಲ ಅವನ ಹೆಸರು ಪಟ್ಟಿಯಿಂದ ಬಿದ್ದುಹೋಗಿತ್ತು. ಒಂದು ಸಲ ಸರ್ಟಿಫಿಕೇಟು ಇಲ್ಲವೆಂದು, ಇನ್ನೊಂದು ಸಲ ನಾಲಿಗೆ ಉದ್ದವೆಂದು. ಈಗ ನಲವತ್ತನಾಲ್ಕು. ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ. ಬರುವ ತಿಂಗಳಿಂದ ಪಟ್ಟಿ ಬರೆಯುವ ಕುರ್ಚಿಯಲ್ಲಿ ಕೂರುವವರು ಇದೇ ಶ್ರೀರಾಮಪ್ಪ ಸಾಹೇಬರು.

ಸಾಹೇಬರಿಗೆ ಇಪ್ಪತ್ತಾರು ವಯಸ್ಸು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲನೆಯವರು. ಎರಡು ವಾರದಿಂದ ದಿನವೂ ಕ್ಯಾಬಿನ್ನಿಗೆ ಬಂದು ಟೋಪಿ ಮೊಳೆಗೆ ಸಿಕ್ಕಿಸಿ, ಕಂಡದ್ದಕ್ಕೆಲ್ಲ ತಪ್ಪು ಹುಡುಕುತ್ತಿದ್ದರು. ಕಿಟಕಿಯ ಗಾಜು ಕೊಳೆ, ದೀಪದ ಬತ್ತಿ ಗಿಡ್ಡ, ಮುನಿಕೃಷ್ಣಪ್ಪನ ಇಂಗ್ಲಿಷು ಮೊಂಡು.

ಬೆಳಿಗ್ಗೆ ಎಲ್ಲ ಸರಿಯಾಗಿಯೇ ಶುರುವಾಗಿತ್ತು. ಸಾಹೇಬರು ನಿಯಮಗಳನ್ನು ಇಂಗ್ಲಿಷಿನಲ್ಲಿ ಪಟಪಟನೆ ಹೇಳುತ್ತಾ ಹೋದರು. ಮುನಿಕೃಷ್ಣಪ್ಪ ತಲೆಯಾಡಿಸುತ್ತಾ ಕೇಳಿದ. ನಡುವೆ ಒಂದು ಕಡೆ ಅವನ ಹುಬ್ಬು ಮೇಲೇರಿತು. ಸಾಹೇಬರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಏಪ್ರಿಲ್ ತಿಂಗಳಲ್ಲವೇ, ಸೆಕೆ.

ಆಮೇಲೆ ಗಂಟೆ ಹೊಡೆಯಿತು. ಜೋಲಾರಪೇಟೆಯ ಪ್ಯಾಸೆಂಜರ್ ಬರುತ್ತಿತ್ತು. ಸಾಹೇಬರು ಕೋಟು ಬಿಚ್ಚಿ, ಅದರ ಸಿಗ್ನಲ್ ಇಳಿಸುವ ಒಂಬತ್ತನೇ ಲಿವರಿಗೆ ತಾವೇ ಕೈಹಾಕಿದರು. ಅದು ಏಳಲಿಲ್ಲ. ಕಾಲು ಊರಿ ಜಗ್ಗಿದರು. ಊಹುಂ. ಆಗಲೇ ಮುನಿಕೃಷ್ಣಪ್ಪನ ಮೇಲೆ ಕೂಗಿದ್ದು.

"ತುಕ್ಕು ಹಿಡಿದಿದೆ. ಮುಚ್ಚಳ ತೆಗೆದು ಒಳಗಿನ ಬೀಗ ಎತ್ತು. ಎತ್ತಿ ಎಳಿ!"

"ತುಕ್ಕಲ್ಲ ಸಾರ್. ಲಿವರು ಬೇಡ ಅಂತೈತೆ. ಯಾಕೆ ಅಂತ ಮೊದ್ಲು ನೋಡ್ಬೇಕು."

ಹಳಿ ಕವಲೊಡೆಯುವ ಕಡೆ ಅತ್ತಿತ್ತ ಸರಿಯುವ ಹಳಿಯ ತುದಿ, ಅಂದರೆ ಪಾಯಿಂಟು, ಪೂರ್ತಿ ಕೂಡಿಕೊಳ್ಳದಿದ್ದರೆ ಸಿಗ್ನಲ್ಲಿನ ಲಿವರ್ ಏಳುವುದಿಲ್ಲ. ಒಳಗಿನ ಬೀಗ ಇರುವುದೇ ಅದಕ್ಕೆ. ಬೀಗ ಎತ್ತಿ ಎಳೆದರೆ ಸಿಗ್ನಲ್ಲಿನ ಕೈ ಇಳಿಯುತ್ತದೆ, ರೈಲೂ ಬರುತ್ತದೆ. ಎಲ್ಲಿಗೆ ಬರುತ್ತದೆ ಎಂಬುದು ಬೇರೆ ಮಾತು.

ದೂರದಲ್ಲಿ ರೈಲು ನಿಂತು ಕೂಗಿತು. ಇನ್ನೊಮ್ಮೆ ಕೂಗಿತು. ಸಾಹೇಬರ ಮುಖ ಕೆಂಪಾಯಿತು. ಬೀಗ ತಾವೇ ಮೀಟಲು ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡರು.

"ಜಾಗ ಬಿಡು. ಬರುವ ತಿಂಗಳು ಪಟ್ಟಿ ಬರೆಯೋದು ಯಾರು, ಗೊತ್ತಲ್ಲ?"

ಜೊತೆ ಕೆಲಸಗಾರ ರಹೀಂ ಕಿಟಕಿಯಿಂದ ತಿರುಗಿ ಗೋಗರೆದ: "ಗುರು, ನಿನ್ ಹೊಟ್ಟೆ ಮೇಲೆ ನೀನೇ ಹೊಡ್ಕೋಬೇಡ."

ಮುನಿಕೃಷ್ಣಪ್ಪನಿಗೆ ಹೆದರಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಹಾರೆಗೂ ಲಿವರಿಗೂ ನಡುವೆ ಎದೆ ಕೊಟ್ಟು ನಿಂತ.

"ಪಟ್ಟಿ ನಿಮ್ದೇ ಸಾರ್, ನನ್ ಹೆಸ್ರು ಹೊಡೆದಾಕಿ. ಆ ರೈಲಲ್ಲಿರೋ ಜನ ನಿಮ್ಮೋರಲ್ಲ, ನಮ್ಮೋರೂ ಅಲ್ಲ. ಅವ್ರು ನಮ್ಮನ್ನ ನಂಬ್ಕೊಂಡು ಕುಂತವ್ರೆ. ರಹೀಂ, ಓಡು. ಪಾಯಿಂಟ್ ನೋಡ್ಕೊಂಡು ಬಾ."

ರಹೀಂ ಓಡಿದ. ಏದುಸಿರು ಬಿಡುತ್ತಾ ಹಿಂದಿರುಗಿದಾಗ ಅವನ ಕೈಯಲ್ಲಿ ಮುಷ್ಟಿಗಾತ್ರದ ಜಲ್ಲಿಕಲ್ಲಿತ್ತು. ಪಾಯಿಂಟಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತಂತೆ. ಮುನಿಕೃಷ್ಣಪ್ಪ ಪಾಯಿಂಟನ್ನು ಇನ್ನೊಮ್ಮೆ ಕೂಡಿಸಿ ಒಂಬತ್ತನ್ನು ಎಳೆದ. ಲಿವರ್ ಸಲೀಸಾಗಿ ಬಂತು.

ಪ್ಯಾಸೆಂಜರ್ ಕ್ಯಾಬಿನ್ನಿನ ಕೆಳಗೆ ಹಾದುಹೋಯಿತು. ಕಿಟಕಿ ಕಿಟಕಿಯಲ್ಲೂ ಜನ, ಬುಟ್ಟಿ, ಕಂಕುಳ ಕೂಸುಗಳು. ಸಾಹೇಬರು ಹಾರೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

ರಹೀಂ ಮೆಟ್ಟಿಲಿಳಿದು ಹೋಗುವವರೆಗೆ ಕಾದು ಅವರು ದನಿ ತಗ್ಗಿಸಿದರು.

"ನಡೆದದ್ದು ಇಲ್ಲಿಗೇ ಇರಲಿ. ಪಟ್ಟಿಯಲ್ಲಿ ಮೊದಲನೇ ಹೆಸರು ನಿಮ್ಮದೇ. ಮಾತು ಕೊಡ್ತೀನಿ."

ಮುನಿಕೃಷ್ಣಪ್ಪ ಹತ್ತೊಂಬತ್ತು ವರ್ಷ ಕಾದ ಮಾತು. ಹೂಂ ಅಂದರೆ ಮುಗಿಯಿತು.

ಸಾಹೇಬರು ಚೀಲದಿಂದ ಹಸಿರು ರಟ್ಟಿನ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು. ಪೆನ್ನಿನ ಮುಚ್ಚಳ ತೆಗೆದು ಅವನ ಮುಂದೆ ಹಿಡಿದರು.

"ಇನ್ನೊಂದ್ಸಲ ಯಾರಾದ್ರೂ ಹಾರೆ ಎತ್ತಿದ್ರೆ ಅಡ್ಡ ನಿಲ್ಲೋಕೆ ನಾನಿರ್ತೀನಾ ಸಾರ್?" ಎಂದು ಮುನಿಕೃಷ್ಣಪ್ಪ ಪೆನ್ನು ತೆಗೆದುಕೊಂಡ.

"ತರಬೇತಿಯ ಇಂಜಿನಿಯರ್ ಶ್ರೀರಾಮಪ್ಪ: ಕ್ಯಾಬಿನ್ ಕೆಲಸದಲ್ಲಿ ನಪಾಸು, ಮೊದಲಿನಿಂದ ಕಲಿಯಬೇಕು" ಎಂದು ತನ್ನ ಮೊಂಡು ಇಂಗ್ಲಿಷಿನಲ್ಲೇ ಬರೆದು, 'ಪರೀಕ್ಷಿಸಿದ ಹಿರಿಯ ಲಿವರ್‌ಮನ್' ಎಂದು ಅಚ್ಚಾಗಿದ್ದ ಕಡೆ ಸಹಿ ಹಾಕಿದ.