ಅಡುಗೆಮನೆಯಿಂದ ಬಂದ ದನಿ

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳುವಾಗ ನಮ್ಮ ಶ್ಯಾಮಲಾ ಟೀಚರ್ ಎರಡು ಸಲ ಮಾತು ನಿಲ್ಲಿಸಿದರು... ಕೈ ಮೇಲೆ ಎದ್ದು ನಿಂತ ರೋಮವನ್ನು ನಮಗೆ ತೋರಿಸಿದರು.

ಅವರ ಅಣ್ಣ ವಿಠಲ ಗಂಗೊಳ್ಳಿಯ ಮೀನುಗಾರ. ಆರು ವರ್ಷದ ಹಿಂದೆ ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಅವನ ಬೋಟ್ ಮಗುಚಿತು.

ಬೋಟಿನಲ್ಲಿ ಏಳು ಜನ. ಆರು ಜನ ದಡ ಸೇರಿದರು... ವಿಠಲ ಸೇರಲಿಲ್ಲ. ಶವವೂ ಸಿಗಲಿಲ್ಲ.

ಬದುಕಿ ಬಂದವರಲ್ಲಿ ಒಬ್ಬ ಬಂಗಾಳದವನು ಎಂದು ಅಮ್ಮ ಗುಲಾಬಿಯಮ್ಮನವರಿಗೆ ಯಾರೋ ಹೇಳಿದ್ದರು. ಅಂದಿನಿಂದ ಅವರಿಗೆ ಆ ಊರಿನ ಹೆಸರು ಕೇಳಿದರೂ ಆಗುತ್ತಿರಲಿಲ್ಲ.

ಕಳೆದ ತಿಂಗಳು ಶ್ಯಾಮಲಾ ಟೀಚರ್ ಮಗಳ ಬರ್ತ್‌ಡೇ. ಭಾನುವಾರ ಮಧ್ಯಾಹ್ನ ಗಂಡ, ಮಗಳು, ಅಮ್ಮ ಎಲ್ಲರೂ ಮಣಿಪಾಲಕ್ಕೆ ಊಟಕ್ಕೆ ಹೋದರು. ಹೋಟೆಲ್ ಆರಿಸಿದ್ದು ಗಂಡ... ಅಲ್ಲಿ ಸಾಸಿವೆ ಅರೆದು ಮಾಡುವ ಮೀನು ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದರಂತೆ.

ಕೂತ ಮೇಲೆಯೇ ಅದು ಬಂಗಾಳಿ ಹೋಟೆಲ್ ಎಂದು ಗುಲಾಬಿಯಮ್ಮನವರಿಗೆ ತಿಳಿದದ್ದು.

"ಬಂಗಾಲಿ ಹೋಟ್ಲಾ? ನಂಗ್ ಇಲ್ಲಿ ನೀರೂ ಬ್ಯಾಡ. ಏಳಿ, ಹೋಪ."

"ಅಮ್ಮ, ಮಗು ಹಸ್ದಿದೆ. ಇವತ್ತೊಂದಿನ ಸುಮ್ನಿರಿ..." ಎಂದರು ಶ್ಯಾಮಲಾ ಟೀಚರ್.

ಗುಲಾಬಿಯಮ್ಮ ಮುಖ ತಿರುಗಿಸಿಕೊಂಡು ಕೂತರು. ತಟ್ಟೆ ಬಂತು. ಮುಟ್ಟಲಿಲ್ಲ.

ಆಗ ಅಡುಗೆಮನೆಯ ಪರದೆಯ ಹಿಂದಿನಿಂದ ಒಂದು ದನಿ ಕೇಳಿಸಿತು. ಪಾತ್ರೆ ತೊಳೆಯುವ ಹೆಂಗಸಿಗೆ ಯಾರೋ ಊಟ ಬಡಿಸುತ್ತಿದ್ದರು.

"ಅಕ್ಕಾ, ಇನ್ನೊಂದ್ ಚೂರ್ ಅನ್ನ ಹಾಕ್ಕಣಿ... ಇಲ್ದಿರೆ ಹೊಟ್ಟಿ ಬೈತ್ತ್!"

ಶ್ಯಾಮಲಾ ಟೀಚರ್ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

ಅದು ವಿಠಲನ ದನಿ.

ಹೊಟ್ಟೆ ಬೈಯುತ್ತದೆ ಅನ್ನುವ ಆ ಮಾತು ಊರಲ್ಲಿ ಬೇರೆ ಯಾರೂ ಆಡುವುದಿಲ್ಲ. ಮಗನಿಗೆ ಅನ್ನ ಕಲಸಿ ಕೊಡುವಾಗ ಗುಲಾಬಿಯಮ್ಮನವರೇ ಕಟ್ಟಿದ ಮಾತು. ದೊಡ್ಡವನಾದ ಮೇಲೆ ಅವನು ಅದನ್ನೇ ಅಮ್ಮನಿಗೆ ತಿರುಗಿಸಿ ಹೇಳುತ್ತಿದ್ದ.

ಅಮ್ಮನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ... ನೋಡಲು ಹೆದರಿಕೆ.

ಮತ್ತೆ ಅದೇ ದನಿ. ಅದೇ ಎಳೆತ. ಮಾತಿಗೆ ಮುಂಚೆ ಗಂಟಲು ಕೆರೆದುಕೊಳ್ಳುವ ಅದೇ ರೀತಿ.

ಗುಲಾಬಿಯಮ್ಮ ಎದ್ದರು. ಗೋಡೆ ಹಿಡಿದುಕೊಂಡು ಹೋಗಿ ಪರದೆ ಸರಿಸಿದರು.

ಬೆನ್ನು ಮಾಡಿ ನಿಂತಿದ್ದವನು ತಿರುಗಿ ನೋಡಿದ... ಸಣಕಲು ಮೈ, ನರೆತ ಗಡ್ಡ. ಯಾವತ್ತೂ ಕಂಡಿರದ ಮುಖ.

"ಎಂತ ಬೇಕಿತ್ತ್ ಅಮ್ಮ?"

ಮುಖ ಬೇರೆ. ದನಿ ಮಗನದೇ!

ಗುಲಾಬಿಯಮ್ಮ ಒಂದು ಹೆಜ್ಜೆ ಮುಂದೆ ಬಂದರು. "ನೀನ್... ಯಾರ್ ನೀನ್? ಆ ಮಾತ್ ನಿಂಗ್ ಯಾರ್ ಹೇಳ್ಕೊಟ್ಟದ್ದ್?"

"ಬೋಟಂಗೆ ಒಬ್ಬ ಇದ್ದ ಅಮ್ಮ. ಗಂಗೊಳ್ಳಿ ವಿಠಲ. ಮೂರ್ ವರ್ಷ ಒಂದೇ ತಟ್ಟೆಯಂಗೆ ಉಂಡಿದ್ದೊ."

"ನಾನ್ ಅವ್ನ್ ಅಬ್ಬಿ... ಅವ್ನ್ ಹೆತ್ತವ್ಳ್..."

ಅವನು ಎರಡು ಹೆಜ್ಜೆ ಹಿಂದೆ ಸರಿದ. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ಅವನ ಹೆಸರು ನಿಮಾಯ್ ದಾಸ್. ಅಂದು ಬದುಕಿ ಬಂದ ಬಂಗಾಳದವನು ಅವನೇ; ಆಮೇಲೆ ಮತ್ತೆ ಬೋಟ್ ಹತ್ತದೆ ಈ ಹೋಟೆಲಿನ ಅಡುಗೆಗೆ ಸೇರಿದ್ದ. ಈ ಊರಿಗೆ ಬಂದಾಗ ಕನ್ನಡದ ಒಂದಕ್ಷರ ಗೊತ್ತಿರಲಿಲ್ಲ. ಸಮುದ್ರದ ಮೇಲೆ ದಿನಗಟ್ಟಲೆ ಇರುವಾಗ ವಿಠಲನೊಬ್ಬನೇ ಕೂತು ಕಲಿಸಿದ. ಪದ ಮಾತ್ರವಲ್ಲ... ನಗು, ಎಳೆತ, ಗಂಟಲು ಕೆರೆಯುವುದು, ಎಲ್ಲವೂ ಅದರ ಜೊತೆಗೇ ಬಂದುಬಿಟ್ಟಿತ್ತು.

"ಮನೆಯರ ಹತ್ರ ಬಂಗಾಲಿ ಮಾತಾಡ್ರೆ ನನ್ ದನಿ ಬ್ಯಾರೆ ಅಮ್ಮ," ಎಂದ ನಿಮಾಯ್. "ಕನ್ನಡ ಆಡ್ರೆ ಅವ್ನೇ ಬಾಯೊಳ್ಗೆ ಕೂತಂಗ್ ಆತ್ತ್. ಒಬ್ನೇ ಇದ್ದಾಗ ನಂಗೇ ಹೆದ್ರಿಕಿ..."

"ನನ್ ಮನಿಗೆ ಒಂದ್ ಸಲವಾದ್ರೂ ಬಪ್ಪುಕಾಗ್ಲಿಲ್ಯಾ?" ಗುಲಾಬಿಯಮ್ಮ ಕೇಳಿದರು.

ನಿಮಾಯ್ ತಲೆ ತಗ್ಗಿಸಿದ.

"ಬಂದಿದ್ದೆ ಅಮ್ಮ. ಹುಡ್ಕುದ್ ನಿಲ್ಸಿದ್ ದಿನ. ಅವ್ನ್ ಕೈ ನಾನ್ ಹಿಡ್ಕಂಡಿದ್ದೆ, ಅಲೆ ಬಂದ್ ತಪ್ತ್... ಅಷ್ಟ್ ಹೇಳುಕೆ ಬಂದದ್. ನೀವ್ ಒಳ್ಗೆ ಮರ್ಕ್ತಾ ಕೂಗ್ತಾ ಇದ್ರಿ, ನಾನ್ ಬಾಗ್ಲ್ ಹೊರ್ಗೇ ನಿಂತೆ..."

ಅವನು ಬಗ್ಗಿ ಸೌಟು ಎತ್ತಿಕೊಂಡ.

ಅಂದು ತಾವು ಕಿರುಚಿದ್ದು ಗುಲಾಬಿಯಮ್ಮನವರಿಗೆ ನೆನಪಾಯಿತು. "ನನ್ ಮಗನ್ ಬದ್ಲಿಗೆ ಆ ಬಂಗಾಲಿ ಸಾಯ್ಕಿತ್ತ್!"

"ನಂಗ್ ಕನ್ನಡ ಬಾರ್ದಿದ್ರೆ ಒಳ್ಗೆ ಬತ್ತಿದ್ದೆ ಅಮ್ಮ," ಎಂದ ಅವನು ಮೆಲ್ಲಗೆ. "ಆದ್ರೆ ವಿಠಲ ಎಲ್ಲ ಕಲ್ಸಿಬಿಟ್ಟಿದ್ದ..."

ಹೊರಗೆ ಜನ ಉಣ್ಣುತ್ತಲೇ ಇದ್ದರು.

ಗುಲಾಬಿಯಮ್ಮ ಮೆಲ್ಲಗೆ ಅವನ ಗಂಟಲಿನ ಮೇಲೆ ಕೈಯಿಟ್ಟರು... ಒಳಗೆ ಯಾರೋ ಇದ್ದಾರೇನೋ ಎಂದು ನೋಡುವವರ ಹಾಗೆ. ಮರುಕ್ಷಣ ಅವನನ್ನು ತಬ್ಬಿಕೊಂಡು ಜೋರಾಗಿ ಅತ್ತರು. ಆ ದಿನದ ನಂತರ ಆರು ವರ್ಷದಲ್ಲಿ ಅಮ್ಮ ಹಾಗೆ ಅತ್ತದ್ದು ಅದೇ ಮೊದಲು ಎನ್ನುತ್ತಾರೆ ಶ್ಯಾಮಲಾ ಟೀಚರ್.

"ತಪ್ಪಾಯ್ತ್ ಮಗಾ... ನೀ ಬದುಕ್ದದ್ದೇ ಒಳ್ಳೇದಾಯ್ತ್. ಇನ್ನ್ ಸ್ವಲ್ಪ ಮಾತಾಡ್. ಎಂತಾರೂ ಮಾತಾಡ್..."

ಅವನು ಮಾತಾಡಿದ. ಬೋಟಿನ ಊಟ, ಬಲೆ ಹರಿದ ದಿನ, ವಿಠಲನ ತುಂಟಾಟ... ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು.

ಈಗ ದಿನಾ ಸಂಜೆ ಆರು ಗಂಟೆಗೆ ನಿಮಾಯ್ ಫೋನ್ ಮಾಡುತ್ತಾನೆ. ಗುಲಾಬಿಯಮ್ಮನವರಿಗೆ ಫೋನ್ ಕಿವಿಗೆ ಹಿಡಿದು ಅಭ್ಯಾಸವಿಲ್ಲ, ಸ್ಪೀಕರ್ ಹಾಕಿಕೊಳ್ಳುತ್ತಾರೆ.

"ನಾನು ಪಕ್ಕದ ಕೋಣೆಯಲ್ಲಿ ಪೇಪರ್ ತಿದ್ದುತ್ತಾ ಇರ್ತೇನೆ," ಎಂದರು ಶ್ಯಾಮಲಾ ಟೀಚರ್. "ಯಾರು ಅಂತ ಗೊತ್ತು. ಆದ್ರೂ ಗೋಡೆಯ ಆಚೆ ಅಮ್ಮನೂ ಅಣ್ಣನೂ ಮಾತಾಡೋದು ಕೇಳ್ತದೆ... ಎದ್ದು ಹೋಗಿ ನೋಡುವ ಧೈರ್ಯ ನನಗೆ ಇನ್ನೂ ಬಂದಿಲ್ಲ."

❖

ನಾವು ಪ್ರೀತಿಯಿಂದ ಆಡಿದ್ದೂ, ಸಿಟ್ಟಿನಲ್ಲಿ ಆಡಿದ್ದೂ, ನಮಗೆ ಗೊತ್ತಿಲ್ಲದ ಯಾರದೋ ಒಳಗೆ ವರ್ಷಗಟ್ಟಲೆ ಬದುಕಿರುತ್ತದೆ.

ನೀವು ಆಡಿ ಮರೆತ ಯಾವ ಮಾತು ಈ ಹೊತ್ತು ಯಾರ ಎದೆಯಲ್ಲಿ ಕೂತಿರಬಹುದು... ಒಮ್ಮೆ ಯೋಚಿಸಿದ್ದೀರಾ?