ನಳದ ನೀರು

ಬೆಳಿಗ್ಗೆ ಚಹಾ ಇಡಲು ಅಡುಗೆಮನೆಗೆ ಬಂದ ಕಲ್ಮೇಶನಿಗೆ ಕಿಟಕಿಯಲ್ಲಿದ್ದ ಗಾಜಿನ ಭರಣಿಯೊಳಗೆ ಯಾವ ಅಲುಗಾಟವೂ ಕಾಣಲಿಲ್ಲ. ಬಗ್ಗಿ ನೋಡಿದ. ಸೀಗಡಿ ಮರಿಗಳೆಲ್ಲ ತಳಕ್ಕೆ ಬಿದ್ದಿದ್ದವು.

ಅವನ ತಾಯಿ ಮಾಯಕ್ಕ ತನ್ನ ಊರು ಪಾರಿಶ್ವಾಡದಿಂದ ಬರುವಾಗ ಬತ್ತಿದ ಹೊಂಡದ ಮಣ್ಣನ್ನು ಗಂಟು ಕಟ್ಟಿ ತಂದಿದ್ದಳು. ಆ ಒಣಮಣ್ಣಿನಲ್ಲಿ ಕಣ್ಣಿಗೆ ಕಾಣದ ತತ್ತಿಗಳಿರುತ್ತವೆ, ನೀರು ತಾಗಿದರೆ ಮರಿಗಳಾಗುತ್ತವೆ ಎಂದು ಕಲ್ಮೇಶ ಮಕ್ಕಳಿಗೆ ಹೇಳಿದ್ದ. ಹಾಗೆಯೇ ಆದಾಗ ರಾಮತೀರ್ಥ ನಗರದ ಆ ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕೇಳಿಸಿತ್ತು. ಐದು ವರ್ಷದ ಶಿವಲಿಂಗ ಎದ್ದವನೇ ಭರಣಿಯ ಮುಂದೆ ಕೂರುತ್ತಿದ್ದ. ನಾಲ್ಕನೇ ತರಗತಿಯ ಅವನ ಅಕ್ಕ ಶೀತಲ, ಬೆನ್ನು ಕೆಳಗಾಗಿ ಈಜುವ ಆ ಎಳೆ ಜೀವಗಳಿಗೆ ಚಿಟಿಕೆ ಯೀಸ್ಟ್ ಕದಡಿ ಹಾಕುತ್ತಿದ್ದಳು. ನಿನ್ನೆ ನೀರು ತಗ್ಗಿತೆಂದು ಕಲ್ಮೇಶ ನಳದ ನೀರನ್ನೇ ನೇರವಾಗಿ ಸುರಿದಿದ್ದ. ಬ್ಲೀಚಿಂಗ್ ಪುಡಿಯ ವಾಸನೆ ಈಗ ಮೂಗಿಗೆ ಬಡಿಯಿತು.

ಮಕ್ಕಳು ಏಳುವುದರೊಳಗೆ ಚೆಲ್ಲಿಬಿಡೋಣವೆಂದು ಭರಣಿ ಎತ್ತಿಕೊಂಡ. ತಿರುಗಿದರೆ ಶೀತಲ ಬಾಗಿಲಲ್ಲಿ ನಿಂತಿದ್ದಳು. ಬಂದು ಭರಣಿಯನ್ನೇ ಬಹಳ ಹೊತ್ತು ನೋಡಿದಳು. ಹೇಗಾಯಿತೆಂದು ಕೇಳಿದಳು. ಅವನು ನೀರಿನ ವಿಷಯ ಹೇಳಿದ. ಅವಳು ಅಳಲಿಲ್ಲ.

"ತಮ್ಮಗ ಸತ್ತಾವ ಅಂತ ಹೇಳಬ್ಯಾಡಪ್ಪಾ," ಎಂದಳು ಮೆಲ್ಲಗೆ. "ನಿನ್ನಿ ರಾತ್ರಿ ಊರಿಗೆ ಹೋದ ಅಜ್ಜಿ ಒಯ್ದು ಹೊಂಡಕ್ಕ ಬಿಟ್ಟಾಳ ಅಂತ ಹೇಳೂಣು. ಅವ್ವ ದವಾಖಾನ್ಯಾಗ ಅದಾಳ ಅಂತ ಹೇಳೀವಲ್ಲ, ಹಂಗ."

ಕಲ್ಮೇಶ ಭರಣಿಯನ್ನು ಕೆಳಗಿಟ್ಟ. ಅವನ ಹೆಂಡತಿ ಸುಮನ್ ತೀರಿಕೊಂಡದ್ದು ದೀಪಾವಳಿಗೆ ಮುಂಚೆ. ಮಕ್ಕಳಿಬ್ಬರೂ ಆಗ ಪಾರಿಶ್ವಾಡದಲ್ಲಿದ್ದರು. ಎಳೆಯ ಮನಸ್ಸು, ಈಗಲೇ ಬೇಡ ಎಂದು ಹಿರಿಯರು ಹೇಳಿದ್ದರು. ಅವನಿಗೂ ಅದು ಹಗುರವೆನಿಸಿತ್ತು. ಆಮೇಲೆ ಹೇಳುವ ಧೈರ್ಯ ಬರಲೇ ಇಲ್ಲ.

"ನಿನಗ ಯಾರ ಹೇಳಿದ್ರು?"

"ಯಾರೂ ಹೇಳಲಿಲ್ಲ. ಅಜ್ಜಿ ಅವ್ವನ ಸೀರಿ ಎಲ್ಲಾ ಭಾಂಡೆ ಮಾರಾಕಿಗೆ ಕೊಟ್ಟು ಪಾತ್ರಿ ತಗೊಂಡಳಲ್ಲ, ಅವತ್ತ ತಿಳೀತು."

ಮತ್ತೆ ತನ್ನನ್ನು ಯಾಕೆ ಕೇಳಲಿಲ್ಲ ಎಂದು ಅವನು ಕೇಳಿದ. ಕೇಳಿದರೆ ನೀನು ಅಳುತ್ತೀ ಅನ್ನಿಸಿತು ಎಂದಳು.

ಅಷ್ಟರಲ್ಲಿ ಕಣ್ಣುಜ್ಜಿಕೊಳ್ಳುತ್ತ ಶಿವಲಿಂಗ ಬಂದ. ಕಲ್ಮೇಶ ಅವನನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿ ಭರಣಿ ತೋರಿಸಿದ. ಇವು ಸತ್ತುಹೋಗಿವೆ, ತಾನು ಹಾಕಿದ ನೀರಿನಿಂದಲೇ ಹೀಗಾಯಿತು ಎಂದು ಹೇಳಿದ. ಹುಡುಗ ಗಾಜನ್ನು ಬೆರಳಿನಿಂದ ಮುಟ್ಟಿದ.

"ಮತ್ತ ಏಳೂದಿಲ್ಲೇನು?"

"ಇಲ್ಲಪಾ. ಏಳೂದಿಲ್ಲ."

ಕಲ್ಮೇಶ ಶೀತಲಳನ್ನೂ ಹತ್ತಿರ ಕರೆದು, ನಿಮಗೆ ಇನ್ನೊಂದು ಮಾತು ಹೇಳಬೇಕು ಎಂದ. ಅವನು ಆ ಮಾತನ್ನು ಆಡುವ ಮೊದಲೇ, ಅಷ್ಟು ತಿಂಗಳು ಒಮ್ಮೆಯೂ ಅಳದಿದ್ದ ಶೀತಲ ಅವನ ಅಂಗಿ ಹಿಡಿದುಕೊಂಡು ಜೋರಾಗಿ ಅಳತೊಡಗಿದಳು.