ಗಂಜಿ ತಗುಲಿದ ಗಾಜು

ಇದನ್ನು ಹೇಳಲು ನಾನು ಬಹಳ ವರ್ಷ ತಡ ಮಾಡಿದೆ. ಇಳಕಲ್ಲಿನ ಓಣಿಯಲ್ಲಿ ನೂಲಿಗೆ ಹಚ್ಚುವ ಗಂಜಿಯ ವಾಸನೆ ಬಂದರೆ ಈಗಲೂ ನಮ್ಮ ಶಾಲೆಯ ಮಾಳಿಗೆ ನೆನಪಾಗುತ್ತದೆ.

ಅಲ್ಲಿ ವಿಜ್ಞಾನದ ಮಾಸ್ತರರು ತಗಡಿನ ಪುಟ್ಟ ವೀಕ್ಷಣಾಲಯ ಕಟ್ಟಿದ್ದರು. ದೂರದರ್ಶಕದಿಂದ ಬಿಳಿ ಹಾಳೆಯ ಮೇಲೆ ಬೀಳಿಸಿದ ಸೂರ್ಯಬಿಂಬದ ಕಲೆಗಳನ್ನು ನನ್ನ ಗೆಳೆಯ ದಿನವೂ ಪೆನ್ಸಿಲಿನಿಂದ ಗುರುತಿಸುತ್ತಿದ್ದ. ಒಂದು ಮಧ್ಯಾಹ್ನ ನಾನು ಮಸೂರದ ಧೂಳನ್ನು ನಮ್ಮ ಮಗ್ಗದ ಗಂಜಿ ಬಟ್ಟೆಯಿಂದ ಒರೆಸಿದೆ. ಗಾಜಿನ ಮೇಲೆ ಗೀರುಗಳು ಬಿದ್ದವು, ಗಂಜಿಯ ಬಿಳಿ ಪುಡಿಯೂ ಅಂಟಿಕೊಂಡಿತು.

“ಗಾಜಂದ್ರ ಸೀರಿ ಏನ್ಲೇ, ಗಂಜಿ ಹಚ್ಚಾಕ? ಯಾಂವ್ಲೇ ಒರಿಸಿದಂವ?” ಎಂದರು ಮಾಸ್ತರರು.

ನಾನು ಗೆಳೆಯನ ಕಡೆ ಕೈ ತೋರಿಸಿದೆ. ಅವನ ಮನೆಯಲ್ಲೂ ಮಗ್ಗವಿತ್ತು.

“ನಾ ಅಲ್ರಿ ಸರ್, ಖರೇನ ನಾ ಅಲ್ರಿ,” ಎಂದ ಅವನು.

“ನಾಳಿಂದ ನೀ ಮಾಳಿಗಿ ಹತ್ತಬ್ಯಾಡ.”

ಪೆನ್ಸಿಲ್ ನನ್ನ ಕೈಗೆ ಬಂತು. ಅವನು ಮತ್ತೆ ಮೇಲೆ ಬರಲಿಲ್ಲ, ನಾನು ಕ್ಷಮೆ ಕೇಳಲಿಲ್ಲ. ಅವನ ಹೆಸರು ಹುಸೇನಸಾಬ.